ತಳದ ನೀರು

ಕಾಮರ್ಸಿನವಳು ನಾನು. ಮೂರು ಕ್ರೆಡಿಟ್ ಕಮ್ಮಿ ಬಿತ್ತೆಂದು
ಸಾಗರಶಾಸ್ತ್ರ ತಗೊಂಡೆ.
ಸುಲಭ ಉಂಟು ಅಂದಿದ್ದಳು ಶೈಮಾ, ಸುಳ್ಳಿ.

ಸಾಖೀರಿನ ಮರಳ ನಡುವೆ ಕ್ಲಾಸು,
ಕಡಲೇ ಕಾಣದ ಕಿಟಕಿ.
ಎ.ಸಿ.ಗೆ ನಡುಗುತ್ತ ಬರೆದುಕೊಂಡೆವು ಉಬ್ಬರ, ಇಳಿತ, ಸಾಂದ್ರತೆ.
ಡಾಕ್ಟರ್ ಬುಥೈನಾ ಬೋರ್ಡಿನ ಮೇಲೆ
ಒಂದು ಬಾಣಲೆ ಬರೆದು, ಇದು ನಮ್ಮ ಗಲ್ಫು, ಅಂದರು.
ಸರಾಸರಿ ಆಳ ಮೂವತ್ತೈದು ಮೀಟರು.
ಅಂದರೆ ನಾವಿರುವ ಹನ್ನೆರಡಂತಸ್ತಿನ ಕಟ್ಟಡವನ್ನು
ಹಾಗೇ ಎತ್ತಿ ಕಡಲಿಗಿಳಿಸಿದರೂ
ತಾರಸಿಯಲ್ಲಿ ಅಮ್ಮ ಹರವಿದ ಬಟ್ಟೆ ನೆನೆಯುವುದಿಲ್ಲ.

ಏಪ್ರಿಲಿನಲ್ಲಿ ದೋಣಿ. ಹಿದ್ದಿನ ಜೆಟ್ಟಿ.
ಮೊದಲ ಸ್ಟೇಷನ್ನಿನಲ್ಲೇ ವಾಂತಿ ಮಾಡಿದವಳು
ಹೆಜಮಾಡಿಯಲ್ಲಿ ನಾಲ್ಕು ತಲೆಮಾರು ಬಲೆ ಬೀಸಿದವರ ಮೊಮ್ಮಗಳು.
ದೋಣಿ ನಡೆಸುವ ಮೊಫಿಜ್ ಭಾಯಿ
ಶುಂಠಿ ಚೂರು ಕೊಟ್ಟರು, ನಗಲಿಲ್ಲ.

ಬಾಯಿ ತೆರೆದ ಬಾಟಲಿ ಹಗ್ಗದಲ್ಲಿ ಇಳಿಯುತ್ತದೆ.
ಹಿಂದೆಯೇ ಹಿತ್ತಾಳೆಯ ಗುಂಡೊಂದನ್ನು ಜಾರಬಿಡಬೇಕು,
ಅದು ಹೋಗಿ ಟಕ್ ಅಂದರೆ
ಎರಡೂ ಬಾಯಿ ಮುಚ್ಚಿಕೊಂಡು
ಆ ಆಳದ್ದೇ ನೀರು ಬರುತ್ತದೆ, ಬೇರೆಯದಲ್ಲ.
ಗುಂಡಿನ ಹೆಸರು ದೂತ.
ಇಂಥದೊಂದು ಮನೆಯಲ್ಲೂ ಇರಬೇಕಿತ್ತು,
ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪ
ಸದ್ದು ಕಡಿಮೆ ಮಾಡಿದ ಟೀವಿಯ ಮುಂದೆ ಕೂತಾಗ
ಮೆಲ್ಲಗೆ ಜಾರಬಿಡಲು.

ಇಲ್ಲೆಲ್ಲೋ ತಳದಲ್ಲಿ ಸಿಹಿನೀರಿನ ಬುಗ್ಗೆಗಳಿದ್ದವಂತೆ.
ಮುತ್ತಿಗಿಳಿದ ಶೈಮಾಳ ಮುತ್ತಜ್ಜ
ಚರ್ಮದ ಚೀಲದಲ್ಲಿ ಹಿಡಿದು ತರುತ್ತಿದ್ದನಂತೆ,
ಉಪ್ಪು ಸೇರದ ಹಾಗೆ, ಉಸಿರು ಕಟ್ಟಿ.
ಈಗ? ಎಂದೆ.
ಈಗ ನಿನ್ನಪ್ಪ ಇದಾರಲ್ಲ, ಅಂದಳು.

ಏಳನೇ ಸ್ಟೇಷನ್: ಕಡಲನ್ನು ಸಿಹಿ ಮಾಡುವ ಸ್ಥಾವರ,
ಮಿಕ್ಕ ಉಪ್ಪುನೀರು ವಾಪಸು ಬೀಳುವ ಕಾಲುವೆ.
ಅಪ್ಪನದು.
ಉಳಿದ ಕಡೆಯೆಲ್ಲ ನಲವತ್ತಮೂರು, ನಲವತ್ತನಾಲ್ಕು.
ಇಲ್ಲಿ ಐವತ್ತೊಂದು.
ತಪ್ಪಿರಬೇಕು, ಎಂದೆ. ಶೈಮಾ ಗಾಜು ಒರೆಸಿ ಮತ್ತೆ ನೋಡಿದಳು.
ಐವತ್ತೊಂದು.
ವರದಿಯಲ್ಲಿ ಆ ಒಂದು ಮನೆ ಖಾಲಿ ಬಿಟ್ಟೆ.

ಕೊನೆಯ ಪಾಠ. ಬಾಣಲೆಯ ಬಾಯಲ್ಲಿ ಎರಡು ಬಾಣ.
ಹೋರ್ಮುಜ್‌ನಿಂದ ಹೊಸ ನೀರು ಹಗುರಾಗಿ ಮೇಲಿಂದ ಬರುತ್ತದೆ,
ಬಿಸಿಲು ಅದರ ನೀರನ್ನೇ ಕುಡಿಯುತ್ತದೆ,
ಉಪ್ಪುಪ್ಪಾಗಿ, ಭಾರವಾಗಿ, ಮುಳುಗಿ,
ಬಂದ ದಾರಿಯಲ್ಲೇ ತಳ ಹಿಡಿದು ಹೊರಟುಹೋಗುತ್ತದೆ.
ಬರುವುದು ಕಾಣುತ್ತದೆ, ಹೋಗುವುದು ಕಾಣುವುದಿಲ್ಲ.
ನಡುವಿನ ಕಾಲಕ್ಕೆ ರೆಸಿಡೆನ್ಸ್ ಟೈಮ್ ಎನ್ನುತ್ತಾರೆ, ಅಂದರು.
ಹಿಂದಿನ ಸಾಲಿನವರೆಲ್ಲ ಒಟ್ಟಿಗೆ ತಲೆ ಎತ್ತಿದೆವು.
ಎರಡರಿಂದ ಐದು ವರ್ಷ.
ಸಿಯಾಲ್‌ಕೋಟಿನ ಮಹ್‌ವಿಶ್ ಕೈ ಎತ್ತಿದಳು:
ಆಮೇಲೆ ರಿನ್ಯೂ ಆಗುತ್ತದಾ ಮೇಡಂ?
ಕ್ಲಾಸೆಲ್ಲ ನಕ್ಕಿತು, ಡಾಕ್ಟರೂ ನಕ್ಕರು,
ಆಮೇಲೆ ಡಸ್ಟರ್ ಹುಡುಕಿದರು.

ಅಪ್ಪ ಬಂದು ಇಪ್ಪತ್ತಮೂರು ವರ್ಷ.
ಯಾವ ನೀರೂ ಇಷ್ಟು ಕಾಲ ನಿಂತದ್ದಿಲ್ಲ.
ಸಲ್ಮಾನಿಯಾ ಆಸ್ಪತ್ರೆಯಲ್ಲಿ ಹುಟ್ಟಿದ ನಾನು
ಯಾವ ಪದರದವಳೆಂದು ಪುಸ್ತಕದಲ್ಲಿ ಹುಡುಕಿದೆ,
ಪರೀಕ್ಷೆಗೆ ಅದು ಇರಲಿಲ್ಲ.

ಏಳನೆಯ ಬಾಟಲಿಯಲ್ಲಿ ಉಳಿದದ್ದನ್ನು
ಸ್ಟೀಲ್ ತಟ್ಟೆಗೆ ಸುರಿದು ಬಾಲ್ಕನಿಯಲ್ಲಿಟ್ಟಿದ್ದೆ.
ಎರಡು ದಿನಕ್ಕೆ ಬಿಳಿ ಬಳೆ.
ಇದೆಂಥದ್ದು, ಎಂದು ಅಮ್ಮ ನೆಕ್ಕಿ, ಥೂ ಕಹಿ, ಅಂದಳು.
ಹೇಳಿದೆ. ಅಂಕಿಯನ್ನೂ ಹೇಳಿದೆ.
ಬೂಟಿನ ಲೇಸು ಕಟ್ಟುತ್ತಿದ್ದ ಅಪ್ಪ
ಅಷ್ಟಕ್ಕೇ ಬಿಟ್ಟು ಎದ್ದು ಬಂದರು.
ತಟ್ಟೆಗೆ ಬೆರಳೊತ್ತಿ ಬಾಯಿಗಿಟ್ಟು
ಸುಮಾರು ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು.

ಐವತ್ತೆರಡೇ ಇರಬೇಕು ಮಗಾ, ಅಂದರು.
ಬರಿ.